ತಾಳೆತೋಪಿನ ಸದ್ದು

“ಗುರುಗಳೇ, ಈ ಕಾವ್ಯವನ್ನು ಕಾಗದಕ್ಕೆ ಇಳಿಸಿಕೊಂಡಾಯಿತು. ಓಲೆಗಳು ಜೀರ್ಣವಾಗಿವೆ. ಪದ್ಧತಿಯಂತೆ ಹೊಳೆಗೆ ಬಿಟ್ಟು ಬರಲೇ?”

ಶಿಷ್ಯ ಓಲೆಗರಿಯ ಕಟ್ಟನ್ನು ಹಿಡಿದು ನಿಂತಿದ್ದ. ಗುರುಗಳು ಕುಳಿತುಕೊಳ್ಳುವಂತೆ ಸನ್ನೆ ಮಾಡಿ ಕತೆ ಹೇಳಿದರು.

ಒಬ್ಬ ಪಂಡಿತನಿದ್ದ. ಹಳೆಯ ಕಾವ್ಯಗಳಲ್ಲಿ ಬರುವ ಕಾಡು, ಕೆರೆ, ತೋಪುಗಳ ವರ್ಣನೆಯನ್ನು ಹುಡುಕಿ ಹುಡುಕಿ ಓದುವುದೇ ಅವನ ಕೆಲಸ. ಊಟಕ್ಕೆ ಕರೆದರೆ ಅವನಿಗೆ ಕೇಳಿಸುತ್ತಿರಲಿಲ್ಲ; ಯಾರಾದರೂ ಮರದ ಹೆಸರೆತ್ತಿದರೆ ತಲೆ ಎತ್ತುತ್ತಿದ್ದ. ಅದರಲ್ಲೂ ಒಂದು ತಾಳೆತೋಪಿನ ವರ್ಣನೆಯೆಂದರೆ ಅವನಿಗೆ ಪ್ರಾಣ. ಆ ಕವಿ ತನ್ನ ಕೈಯಾರೆ ಬರೆದ ಓಲೆಗಳೇ ಪಂಡಿತನ ಮನೆಯಲ್ಲಿದ್ದವು. ಚಿಕ್ಕಂದಿನಲ್ಲಿ ತಂದೆ ಸಂಜೆ ಹೊತ್ತು ಅವನ್ನು ಬಿಚ್ಚಿ ಓದುತ್ತಿದ್ದರು. ಹುಡುಗ ಕಣ್ಣು ಮುಚ್ಚಿ ಕೂತರೆ ತೋಪಿನ ಒಣಗರಿಗಳು ಗಾಳಿಗೆ ಸದ್ದು ಮಾಡುವುದು ಕೇಳುತ್ತಿತ್ತು. ಅಂಥ ಸುಖ ಅವನಿಗೆ ಮುಂದೆ ಯಾವುದರಲ್ಲೂ ಸಿಗಲಿಲ್ಲ.

ತಂದೆ ಹೋದರು. ಓಲೆಗಳಿಗೆ ಹುಳು ಬಿತ್ತು. ಪಂಡಿತ ಒಂದಕ್ಷರ ಬಿಡದೆ ಕಾಗದಕ್ಕೆ ಬರೆದುಕೊಂಡ. ಓಲೆಗಳಿಗೆ ಅರಿಸಿನ ಕುಂಕುಮ ಹಚ್ಚಿ ಹೊಳೆಗೆ ಬಿಟ್ಟ. ಕಾವ್ಯ ಉಳಿಯಿತಲ್ಲ ಎಂದು ನೆಮ್ಮದಿಯಾಯಿತು. ಆದರೆ ಆಮೇಲೆ ಎಷ್ಟು ಓದಿದರೂ ಆ ಸದ್ದು ಕೇಳಲಿಲ್ಲ. ವಯಸ್ಸಾಯಿತು, ಕಿವಿ ಮಂದವಾಗುತ್ತಿದೆ ಎಂದುಕೊಂಡ. ಪೂರ್ತಿ ಮಂದವಾಗುವ ಮೊದಲು ಆ ತೋಪಿನಲ್ಲಿ ಒಮ್ಮೆಯಾದರೂ ನಿಂತು ಕೇಳಬೇಕೆಂದು ಕವಿಯ ಊರಿಗೆ ಹೊರಟ.

ಅಲ್ಲಿ ಬರಿಯ ಬಯಲಿತ್ತು. ಕವಿಯ ವಂಶದ ಮುದುಕಿಯೊಬ್ಬಳು ಜಗುಲಿಯ ಮೇಲೆ ಕುಳಿತಿದ್ದಳು.

“ತಾಳೆತೋಪು ಎಲ್ಲಿದೆಯಮ್ಮಾ?”

“ತೋಪು ಎಲ್ಲಿ ಬಂತಪ್ಪಾ? ನಮ್ಮಜ್ಜಿ ಕಾಲಕ್ಕೇ ಮುಗಿದುಹೋಯಿತು. ಅದರ ಗರಿ ಕೊಯ್ದೇ ನಮ್ಮ ಹಿರಿಯರು ಕಾವ್ಯ ಬರೆದದ್ದಂತೆ. ಆ ಓಲೆ ಯಾರ ಮನೇಲಾದರೂ ಉಳಿದಿದ್ದರೆ ಒಂದು ಸಲ ಮುಟ್ಟಿ ನೋಡಬೇಕು ಅಂತ ಆಸೆ.”

ಪಂಡಿತ ಅವಳ ಪಕ್ಕದಲ್ಲಿ ಕುಳಿತ. ಚೀಲದಿಂದ ಕಾಗದ ತೆಗೆದು ತೋಪಿನ ಪದ್ಯಗಳನ್ನು ಅವಳಿಗೆ ಓದತೊಡಗಿದ. ಹಾಳೆಗಳು ಮೆತ್ತಗೆ ಮಗುಚಿಕೊಂಡವು. ತಂದೆ ಓಲೆ ಮಗುಚುವಾಗ ಏಳುತ್ತಿದ್ದ ಸದ್ದು ಅವನಿಗೆ ಆಗ ನೆನಪಾಯಿತು. ತಾನು ಹುಡುಕಿಕೊಂಡು ಬಂದದ್ದು ಅದೇ ಸದ್ದು. ಮುಂದೆ ಓದಲಾಗದೆ ಅತ್ತುಬಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆದು ತಡೆದು ಕೇಳಿದ, “ಹಾಗಾದರೆ ಇದನ್ನು ಹೊಳೆಗೆ ಬಿಡುವುದು ಬೇಡವೇ?”

“ಬಿಡುವೆಯಂತೆ, ಮೊದಲು ಆ ಕಟ್ಟನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸು.”