ಗಲ್ಲಾದ ಕುರ್ಚಿ

"ನಿನ್ನಿಂದ ಖಾನಾವಳಿ ನಡೆಯಂಗಿಲ್ಲ" ಅಂದಿದ್ದ ಭಾವ ಗುರುಪಾದಪ್ಪನೇ, ಬಾಳವ್ವನ ಖಾನಾವಳಿ ತುಂಬತೊಡಗಿದ ಮೇಲೆ ಬಂದು ಗಲ್ಲಾದ ಕುರ್ಚಿ ಹಿಡಿದ. "ರೊಟ್ಟಿ ಯಾರ ಬೇಕಾದ್ರೂ ಬಡೀತಾರ. ಕೂತು ವಿಚಾರ ಮಾಡೋದು ಕಷ್ಟದ ಕೆಲಸ. ಅರ್ಧ ಪಾಲು ನನಗ ಕೊಡು."

"ಖರೆ ಐತ್ರಿ ಭಾವಾರ. ಇವತ್ತೊಂದಿನ ಕಷ್ಟದ್ದು ನಾ ಮಾಡ್ತೀನಿ, ಹಗುರದ್ದು ನೀವು ಮಾಡ್ರಿ," ಎಂದು ಬಾಳವ್ವ ಕುರ್ಚಿಯಲ್ಲಿ ಕೂತಳು.

ಭಾವನ ಮೊದಲ ರೊಟ್ಟಿ ಹರಿಯಿತು, ಎರಡನೆಯದು ಹೆಂಚಿಗೇ ಅಂಟಿತು. "ರೊಟ್ಟಿ ಎಲ್ಲೈತ್ರೀ?" ಎಂದು ಗಿರಾಕಿಗಳು ತಾಟು ಬಡಿದರು. ಕೈ ಸುಟ್ಟುಕೊಂಡ ಭಾವ ಪಾಲಿನ ಮಾತೆತ್ತದೆ ಹಿಂಬಾಗಿಲಿಂದ ಜಾರಿದ.

ಕುರ್ಚಿಯಲ್ಲಿದ್ದ ಬಾಳವ್ವನಿಗೋ, ಜಾಗ ಸಿಗದೆ ಮರಳುವ ಗಿರಾಕಿಗಳು ಮೊದಲ ಸಲ ಕಂಡರು. ಮರುದಿನವೇ ಕಿಟಕಿಯಲ್ಲಿ ರೊಟ್ಟಿಬುತ್ತಿ ಕಟ್ಟಿಕೊಡತೊಡಗಿದಳು.

ಈಗ ಅವಳಿಗೆ ಎರಡು ಖಾನಾವಳಿ. ಬೆಳಗ್ಗೆ ಒಲೆ ಮುಂದೆ, ಮಧ್ಯಾಹ್ನ ಕುರ್ಚಿಯಲ್ಲಿ. ಅದಕ್ಕೆ ತೆತ್ತದ್ದು ಭಾವ ಕೆಡಿಸಿದ ಒಂದು ಬುಟ್ಟಿ ಹಿಟ್ಟು, ಮತ್ತೆ ಅಂದಿನಿಂದ ಬಾರದೆ ಹೋದ ಭಾವನ ಮನೆಯ ಹಬ್ಬದ ಕರೆ.