ಅಡ್ಡಿಯಿಲ್ಲದ ವಾಕಿಟಾಕಿ

ಊರಿನ ಹವ್ಯಾಸಿ ರೇಡಿಯೊ ಸಂಘದ ಸದಸ್ಯರು ಪ್ರತಿ ಭಾನುವಾರ ಬೆಳಿಗ್ಗೆ ವಾಕಿಟಾಕಿಯಲ್ಲಿ ಮಾತಿಗೆ ಸೇರುತ್ತಿದ್ದರು. ಅಧ್ಯಕ್ಷ ರುದ್ರಮುನಿಯಪ್ಪನವರು ಮಾತ್ರ ಮಾತಾಡಲು ಒತ್ತಿದ ಗುಂಡಿ ಬಿಡುತ್ತಿರಲಿಲ್ಲ. ಉಸಿರೆಳೆಯಲು ಬಿಟ್ಟಾಗ ಯಾರಾದರೂ ನಡುವೆ ಬಾಯಿ ಹಾಕಿದರೆ ಅವರಿಗೆ ಮೈ ಉರಿಯುತ್ತಿತ್ತು.

ಒಂದು ದಿನ ತಮ್ಮ ಅಗ್ಗದ ಸೆಟ್ಟನ್ನು ತಂದು, ಸಂಘದ ರಿಪೇರಿ ನೋಡಿಕೊಳ್ಳುವ ಜಬೀನಾಳ ಮೇಜಿನ ಮೇಲೆ ಕುಕ್ಕಿದರು.

"ಇದರೊಳಗಿನ ಪ್ರೋಗ್ರಾಂ, ಅದೇ ಫರ್ಮ್‌ವೇರ್, ತಿದ್ದಮ್ಮಾ. ನಾನು ಮಾತಾಡುವಾಗ ಒಬ್ಬರೂ ಬಾಯಿ ಹಾಕಬಾರದು. ಆಗಲ್ಲ ಅಂದ್ರೆ ಹೇಳು, ರಿಪೇರಿಗೆ ಬೇರೆಯವರನ್ನ ನೋಡ್ಕೋತೀನಿ."

"ಆಗುತ್ತೆ ಸಾರ್," ಅಂದಳು ಜಬೀನಾ.

ಸೆಟ್ಟನ್ನು ಕಂಪ್ಯೂಟರಿಗೆ ಸಿಕ್ಕಿಸಿ ಪ್ರೋಗ್ರಾಂನ ಎರಡು ಸಾಲು ಬದಲಾಯಿಸಿದಳು. ಇನ್ನು ಗುಂಡಿ ಒತ್ತಿದರೆ ಕೆಂಪು ದೀಪ ಉರಿಯುತ್ತದೆ, ಮಾತು ಹೊರಗೆ ಹೋಗುವುದಿಲ್ಲ. ಬಿಟ್ಟ ಮೇಲೂ ಒಂದು ಗಂಟೆ ಬೇರೆಯವರ ದನಿ ಒಳಗೆ ಬರುವುದಿಲ್ಲ.

ಮೂರು ತಿಂಗಳು ಸದಸ್ಯರು ಹಾಯಾಗಿ ಹರಟಿದರು. ಅಧ್ಯಕ್ಷರೂ ಹಾಯಾಗಿ ಭಾಷಣ ಮಾಡಿದರು. ಸಂಘಕ್ಕೆ ಈಗ ಶಿಸ್ತು ಬಂತು ಎಂದು ಕಂಡಕಂಡವರಿಗೆ ಹೇಳಿಕೊಂಡರು.

ಒಂದು ಸೋಮವಾರ ಮುಖ ಊದಿಸಿಕೊಂಡು ಬಂದರು.

"ನಿನ್ನೆ ರಾಜೀನಾಮೆ ಕೊಡ್ತೀನಿ ಅಂತ ಹೇಳಿದೆ ಕಣಮ್ಮಾ. ಬೇಡಿ ಸಾರ್ ಅಂತ ಒಬ್ಬನಾದ್ರೂ ಅನ್ನಬೇಕೋ ಬೇಡವೋ? ಏನು ಮಾಡಿಟ್ಟಿದೀಯ ಈ ಸೆಟ್ಟಿಗೆ?"

"ನೀವು ಹೇಳಿದ್ದನ್ನೇ ಸಾರ್. ಮೂರು ತಿಂಗಳಿಂದ ನಿಮ್ಮ ಮಾತು ಯಾರಿಗೂ ಕೇಳಿಸಿಲ್ಲ. ಅದಕ್ಕೇ ಯಾರೂ ಬಾಯಿ ಹಾಕಿಲ್ಲ."

ರುದ್ರಮುನಿಯಪ್ಪನವರು ಸೆಟ್ಟನ್ನು ಮತ್ತೆ ಮೇಜಿನ ಮೇಲೆ ಕುಕ್ಕಿದರು. ಜಬೀನಾ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಆ ಎರಡು ಸಾಲನ್ನು ಮೊದಲಿನಂತೆ ಮಾಡಿ, ಸೆಟ್ಟನ್ನು ಅವರ ಕೈಗಿಟ್ಟಳು.

"ಈಗ ಎಲ್ಲರಿಗೂ ಕೇಳಿಸುತ್ತೆ ಸಾರ್. ಆ ರಾಜೀನಾಮೆ ಮಾತು ಇನ್ನೊಂದು ಸಲ ಹೇಳಿಬಿಡಿ."