ಗೌಡರ ಕಿಟಕಿಯ ಗೀರು

ಚುನಾವಣೆಯ ಕಾಲ. ಮುಖಂಡ ಚನಬಸನಗೌಡರು ಬಾಡಿಗೆ ಹೆಲಿಕಾಪ್ಟರಿನಲ್ಲಿ ಊರೂರು ಸುತ್ತುತ್ತಿದ್ದರು. ಸಂಜೆ ಅದು ಹುಬ್ಬಳ್ಳಿಗೆ ಮರಳಿದಾಗ ಕಿಟಕಿ ಒರೆಸುವವಳು ದುಂಡವ್ವ. ದಿನವೂ ಗೌಡರ ಪಕ್ಕದ ಕಿಟಕಿಯಲ್ಲಷ್ಟೇ ಹೊಸ ಗೀರುಗಳು! ಅದು ಗಾಜಲ್ಲ, ಪ್ಲಾಸ್ಟಿಕ್ಕು. ಗೀರು ಹೋಗಲೆಂದು ಉಜ್ಜಿ ಉಜ್ಜಿ ತೆಳ್ಳಗಾಗುತ್ತಿತ್ತು. ಧೂಳೇ? ಹಕ್ಕಿಯೇ? ಹಾಗಿದ್ದರೆ ಗೀರು ಒಳಮೈಯಲ್ಲೇಕೆ? ದುಂಡವ್ವನ ತಲೆಯೊಳಗೆ ಹುಳ ಹೊಕ್ಕಂತಾಯಿತು.

"ನಾಳೆ ಕಿಟಕಿ ಕನ್ನಡಿ ಹಂಗ ಇರಬೇಕು. ಇಲ್ಲಾಂದ್ರ ನಿನ್ನ ಕೆಲಸ ಹೋತಂತ ತಿಳಕೋ!" ಎಂದು ಗೌಡರು ಗುಡುಗಿದರು.

ಮರುದಿನ ಬೆಳಿಗ್ಗೆ ಅವಳು ಬದಿಗೆ ನಿಂತು ಕಣ್ಣಿಟ್ಟು ನೋಡಿದಳು. ಒಳಗೆ ಕೂತ ಗೌಡರು, ಬೀಳ್ಕೊಡಲು ಬಂದ ಜನ ತಮ್ಮತ್ತ ನೋಡಲೆಂದು ಉಂಗುರ ತೊಟ್ಟ ಬೆರಳುಗಳಿಂದ ಕಿಟಕಿಯನ್ನು ಟಕಟಕ ಬಡಿದರು. ಕಳ್ಳ ಸಿಕ್ಕ! ಆದರೆ ಗೌಡರ ಬೆರಳಿನತ್ತ ಬೆರಳು ತೋರಿಸುವವರು ಯಾರು?

ರೆಕ್ಕೆ ತಿರುಗುವ ಮುನ್ನ ದುಂಡವ್ವ ಬಾಗಿಲಿಗೆ ಓಡಿಬಂದಳು.

"ಯಪ್ಪಾ, ಕಿಟಕಿಗೆ ಉಂಗುರ ತಾಗಿ ಬಿದ್ದ ಗೀರು ಹೊರಗಿಂದ ನೋಡಿದ್ರ ನಿಮ್ಮ ಗಲ್ಲದ ಮ್ಯಾಲೇ ಕಾಣಸ್ತೈತ್ರಿ. ನಿನ್ನೆ ಪೇಪರಿನಾಗ ನಿಮ್ಮ ಫೋಟೊ ನೋಡಿದ ಹೆಣ್ಮಕ್ಕಳು, ಗೌಡ್ರಿಗೆ ಯಾರು ಪರಚ್ಯಾರ ಅಂತ ಕೇಳಾಕತ್ತಿದ್ರು."

ಗೌಡರ ಕೈ ತಟ್ಟನೆ ಕೆನ್ನೆಗೆ ಹೋಯಿತು. ಒಂದೊಂದೇ ಉಂಗುರ ಕಳಚಿ ಜೇಬು ಸೇರಿತು. ಉಂಗುರವಿಲ್ಲದೆ, ಬಡಿದರೂ ಟಕಟಕ ಅನ್ನದ ಕೈಗಳನ್ನು ಏನು ಮಾಡುವುದೆಂದು ತೋಚದೆ ಮುಗಿದು ಕೂತರು. "ಎಂಥಾ ವಿನಯ!" ಎಂದು ಜನ ಚಪ್ಪಾಳೆ ತಟ್ಟಿದರು. ಹೋದ ಹೋದ ಊರಲ್ಲೂ ಅದೇ ಚಪ್ಪಾಳೆ.

ಸಂಜೆ ಇಳಿದ ಗೌಡರು ಬೀಗಿದರು: "ವಿನಯ ಅನ್ನೂದು ನಮ್ಮ ಮನೆತನದ ರಕ್ತದಾಗ ಐತಿ."

ಹೊಸ ಗೀರೊಂದೂ ಇಲ್ಲದ ಕಿಟಕಿಯನ್ನು ಒರೆಸುತ್ತಾ ದುಂಡವ್ವ ಅಂದಳು: "ಹೌದ್ರಿ ಗೌಡ್ರ, ಕಿಟಕಿ ನೋಡಿದ್ರನ ಗೊತ್ತಾಗ್ತೈತ್ರಿ."